ಬೆಂಗಳೂರಿನ ಟೆರೇಸಿನಿಂದ 21 ನಕ್ಷತ್ರ: ಯಾವ ತಿಂಗಳು, ಯಾವ ದಿಕ್ಕು, ಎಷ್ಟು ಎತ್ತರ

ಆಕಾಶದಲ್ಲಿ ಪ್ರಥಮ ದರ್ಜೆಯವೆಂದು ಲೆಕ್ಕಕ್ಕೆ ಬರುವ ನಕ್ಷತ್ರಗಳು 21. ಲುಬ್ಧಕ ಎಲ್ಲಕ್ಕಿಂತ ಪ್ರಕಾಶಮಾನ, ಮಘಾ ಪಟ್ಟಿಯ ಕೊನೆಯದು. ಬೆಂಗಳೂರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಹಾಗಾಗಿ ಈ ಇಪ್ಪತ್ತೊಂದೂ ವರ್ಷದಲ್ಲಿ ಯಾವಾಗಲಾದರೊಮ್ಮೆ ಇಲ್ಲಿನ ದಿಗಂತದ ಮೇಲೆ ಬರುತ್ತವೆ, ಅದೂ ಕನಿಷ್ಠ 14 ಡಿಗ್ರಿ ಎತ್ತರಕ್ಕೆ. ದೆಹಲಿಯವರಿಗೆ ಈ ಭಾಗ್ಯವಿಲ್ಲ. ದಕ್ಷಿಣದ ಶಿಲುಬೆಯಾಕಾರದ ನಕ್ಷತ್ರಪುಂಜ ತ್ರಿಶಂಕು; ಅದರ ಬುಡದ ನಕ್ಷತ್ರ ಅಲ್ಲಿ ಹುಟ್ಟುವುದೇ ಇಲ್ಲ. ನ್ಯೂಜೆರ್ಸಿಯ ಕನ್ನಡಿಗರಂತೂ ಆರನ್ನು ಪೂರ್ತಿ ಕಳೆದುಕೊಂಡಿದ್ದಾರೆ: ಅಗಸ್ತ್ಯ, ಅಕರ್ನಾರ್, ಆಲ್ಫಾ ಮತ್ತು ಬೀಟಾ ಸೆಂಟಾರಿ, ತ್ರಿಶಂಕುವಿನ ಎರಡು.

ನಗರದ ಬೆಳಕು ಇವನ್ನು ನುಂಗಲಾರದು. ನುಂಗುವುದು ಆಕಾಶಗಂಗೆಯನ್ನು, ಮಂದ ನಕ್ಷತ್ರಗಳನ್ನು. ಕಾಂತಿಮಾನವೆಂದರೆ ಹೊಳಪಿನ ಅಳತೆ, ಸಂಖ್ಯೆ ಹೆಚ್ಚಿದಷ್ಟೂ ನಕ್ಷತ್ರ ಮಂದ. ಹಳ್ಳಿಯ ಕತ್ತಲಲ್ಲಿ ಆರನೇ ಕಾಂತಿಮಾನದವರೆಗೆ ಕಂಡರೆ ಬೆಂಗಳೂರಿನ ಒಳಬಡಾವಣೆಗಳಲ್ಲಿ ಮೂರು, ಮೂರೂವರೆಗೇ ನಿಲ್ಲುತ್ತದೆ. ನನ್ನನ್ನು ಕೇಳಿದರೆ ಹೊಸಬರಿಗೆ ಇದು ಅನುಕೂಲವೇ. ಸಾವಿರಾರು ಚುಕ್ಕಿಗಳ ನಡುವೆ ಬೇಟೆಗಾರನ ಆಕಾರದ ನಕ್ಷತ್ರಪುಂಜ ಮಹಾವ್ಯಾಧನನ್ನು (ಒರಾಯನ್) ಗುರುತಿಸುವುದಕ್ಕಿಂತ ಐವತ್ತು ಚುಕ್ಕಿಗಳ ನಡುವೆ ಗುರುತಿಸುವುದು ಸಲೀಸು. ನಿಜವಾದ ಅಡ್ಡಿ ಎರಡೇ: ಪಕ್ಕದ ಕಟ್ಟಡ, ಮತ್ತು ಮೋಡ. ಎರಡಕ್ಕೂ ಲೆಕ್ಕವಿದೆ.

ಟೆರೇಸು ಅಳೆಯುವುದು

ಕೈಯನ್ನು ನೇರ ಮುಂದಕ್ಕೆ ಚಾಚಿದರೆ ಕಿರುಬೆರಳಿನ ಅಗಲ 1 ಡಿಗ್ರಿ, ಮುಷ್ಟಿ 10 ಡಿಗ್ರಿ, ಅಗಲಿಸಿದ ಗೇಣು ಸುಮಾರು 20 ಡಿಗ್ರಿ. ಮಕ್ಕಳ ಕೈ ಚಿಕ್ಕದಾದರೂ ತೋಳೂ ಗಿಡ್ಡವಿರುವುದರಿಂದ ಲೆಕ್ಕ ಹೆಚ್ಚುಕಡಿಮೆ ಅದೇ.

ಇಲ್ಲಿ ಧ್ರುವ ನಕ್ಷತ್ರ ಉತ್ತರಕ್ಕೆ 13 ಡಿಗ್ರಿ ಎತ್ತರದಲ್ಲಿದೆ, ಅಂದರೆ ಒಂದು ಮುಷ್ಟಿಗಿಂತ ಸ್ವಲ್ಪ ಮೇಲೆ. ಬಹಳ ಜನ ಅದನ್ನು ಅರ್ಧ ಆಕಾಶದಲ್ಲಿ ಹುಡುಕಿ ಸೋಲುತ್ತಾರೆ, ಯಾಕೆಂದರೆ ಅಂತರ್ಜಾಲದಲ್ಲಿ ಸಿಗುವ ನಕ್ಷೆಗಳಲ್ಲಿ ಹೆಚ್ಚಿನವು 40ರಿಂದ 50 ಡಿಗ್ರಿ ಅಕ್ಷಾಂಶದವರಿಗೆ ಬರೆದವು. ದಕ್ಷಿಣದಲ್ಲಿ ಅಗಸ್ತ್ಯ ಏರುವ ಗರಿಷ್ಠ ಎತ್ತರ 24 ಡಿಗ್ರಿ, ತ್ರಿಶಂಕುವಿನ ತಲೆ 20, ಬುಡ 14.

ಈಗ ದಕ್ಷಿಣದ ಮನೆಯನ್ನು ನೋಡಿ. ಅದು ನಿಮ್ಮ ಕಣ್ಣಿನ ಮಟ್ಟಕ್ಕಿಂತ ಎಷ್ಟು ಮೀಟರ್ ಮೇಲಿದೆ, ಎಷ್ಟು ಮೀಟರ್ ದೂರದಲ್ಲಿದೆ? ಅಗಸ್ತ್ಯ ಕಾಣಬೇಕಾದರೆ ದೂರವು ಎತ್ತರದ ಎರಡೂಕಾಲು ಪಟ್ಟು ಇರಬೇಕು. ತ್ರಿಶಂಕು ಪೂರ್ತಿ ಕಾಣಬೇಕಾದರೆ ನಾಲ್ಕು ಪಟ್ಟು. ಒಂದು ಉದಾಹರಣೆ: ದಕ್ಷಿಣದ ಮನೆ ಒಂದು ಮಹಡಿ ಹೆಚ್ಚು, ಅದರ ಮೇಲೆ ಮೆಟ್ಟಿಲ ಕೋಣೆ, ಒಟ್ಟು 6 ಮೀಟರ್ ಎಂದುಕೊಳ್ಳಿ. ನೀವು ಅದರಿಂದ 12 ಮೀಟರ್ ದೂರದಲ್ಲಿ, ಟೆರೇಸಿನ ದಕ್ಷಿಣ ಪ್ಯಾರಾಪೆಟ್‌ಗೆ ಆತುಕೊಂಡು ನಿಂತಿದ್ದರೆ 26 ಡಿಗ್ರಿಯವರೆಗೆ ಎಲ್ಲವೂ ಮುಚ್ಚಿಹೋಗುತ್ತದೆ. ಅದೇ ಟೆರೇಸಿನ ಉತ್ತರದ ತುದಿಗೆ, ಇನ್ನೊಂದು 9 ಮೀಟರ್ ಹಿಂದೆ ಹೋದರೆ ಮರೆ 16 ಡಿಗ್ರಿಗೆ ಇಳಿಯುತ್ತದೆ. ಅಗಸ್ತ್ಯ ಆರಾಮಾಗಿ ಕಾಣುತ್ತದೆ, ತ್ರಿಶಂಕುವಿನ ನಾಲ್ಕರಲ್ಲಿ ಮೂರು ಕಾಣುತ್ತವೆ, ಬುಡದ್ದು ಮಾತ್ರ ಗೋಡೆಯ ಹಿಂದೆ. ದಕ್ಷಿಣ ನೋಡಬೇಕಾದವರು ಉತ್ತರದ ಮೂಲೆಗೆ ಹೋಗಬೇಕು. ತುದಿಗೆ ಹೋಗಿ ಬಗ್ಗಿ ನೋಡುವ ಅಭ್ಯಾಸ ಅಪಾಯವೂ ಹೌದು, ವ್ಯರ್ಥವೂ ಹೌದು.

ದಿಕ್ಕು ಗೊತ್ತುಮಾಡಲು ಫೋನಿನ ದಿಕ್ಸೂಚಿಯನ್ನು ಪೂರ್ತಿ ನಂಬಬೇಡಿ. ಚಪ್ಪಡಿಯೊಳಗಿನ ಕಂಬಿ, ಕಬ್ಬಿಣದ ಟ್ಯಾಂಕ್ ಸ್ಟ್ಯಾಂಡು, ಸೋಲಾರ್ ಹೀಟರಿನ ಚೌಕಟ್ಟು ಅದನ್ನು ಹದಿನೈದು ಇಪ್ಪತ್ತು ಡಿಗ್ರಿ ಆಚೀಚೆ ಎಳೆಯಬಲ್ಲವು. ಆಪ್ ತೋರಿಸುವ ನಕ್ಷತ್ರಕ್ಕೂ ಕಣ್ಣಿಗೆ ಕಾಣುವುದಕ್ಕೂ ತಾಳೆಯಾಗದಿದ್ದರೆ ಹತ್ತರಲ್ಲಿ ಒಂಬತ್ತು ಸಲ ಕಾರಣ ಇದೇ. ಇದಕ್ಕಿಂತ ಗಟ್ಟಿ ಉಪಾಯ ನೆರಳು. ಬಟ್ಟೆ ಒಣಹಾಕುವ ಕಂಬಕ್ಕೆ ಒಂದು ದಾರ ಕಟ್ಟಿ, ಕೆಳಗೆ ಕಲ್ಲು ತೂಗುಬಿಡಿ. ಡಿಸೆಂಬರ್ ಮಧ್ಯದಲ್ಲಿ ಬೆಂಗಳೂರಿನ ನಡುಹಗಲು ಸುಮಾರು 12.15ಕ್ಕೆ, ಫೆಬ್ರವರಿ ಮಧ್ಯದಲ್ಲಿ 12.34ಕ್ಕೆ. ಆ ಕ್ಷಣದಲ್ಲಿ ದಾರದ ನೆರಳು ಬಿದ್ದ ಗೆರೆಯೇ ದಕ್ಷಿಣೋತ್ತರ. ಸೀಮೆಸುಣ್ಣದಲ್ಲಿ ಎಳೆದು, ಮೇಲೆ ಪೇಂಟ್ ಹಚ್ಚಿಬಿಟ್ಟರೆ ಜೀವಮಾನಕ್ಕೆ ಸಾಕು. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ಸೂರ್ಯ ನಡುಹಗಲಲ್ಲಿ ನಮಗೆ ಉತ್ತರಕ್ಕಿರುತ್ತಾನೆ, ನೆರಳು ಗಿಡ್ಡ, ಅದೂ ದಕ್ಷಿಣಕ್ಕೆ. ಆಗ ಈ ಕೆಲಸಕ್ಕೆ ಕೈಹಾಕಬೇಡಿ.

ಕಣ್ಣು ಮತ್ತು ಬೀದಿದೀಪ

ಕಣ್ಣು ಕತ್ತಲಿಗೆ ಪೂರ್ತಿ ಹೊಂದಿಕೊಳ್ಳಲು 20ರಿಂದ 30 ನಿಮಿಷ ಬೇಕು. ನಗರದಲ್ಲಿ ಪೂರ್ತಿ ಹೊಂದಿಕೊಳ್ಳುವ ಪ್ರಶ್ನೆಯೇ ಇಲ್ಲ, ಆದರೆ ಅರ್ಧಮರ್ಧ ಹೊಂದಿಕೆಯೂ ಒಂದು ಕಾಂತಿಮಾನದಷ್ಟು ಲಾಭ ಕೊಡುತ್ತದೆ. ಒಟ್ಟಾರೆ ಆಕಾಶದ ಮಸುಕು ನಮ್ಮ ಕೈಯಲ್ಲಿಲ್ಲ; ಕಣ್ಣಿಗೆ ನೇರವಾಗಿ ಹೊಡೆಯುವ ಎಲ್‌ಇಡಿ ದೀಪವನ್ನು ತಪ್ಪಿಸಿಕೊಳ್ಳುವುದು ಕೈಯಲ್ಲಿದೆ. ನೀರಿನ ಟ್ಯಾಂಕಿನ ನೆರಳಲ್ಲಿ ಕೂರಿ. ಅದಾಗದಿದ್ದರೆ ಬಟ್ಟೆ ತಂತಿಯ ಮೇಲೆ ದಪ್ಪ ಬೆಡ್‌ಶೀಟು ಹರವಿದರೂ ಆಯಿತು. ಕೂರುವುದಕ್ಕಿಂತ ಚಾಪೆಯ ಮೇಲೆ ಮಲಗುವುದು ಒಳ್ಳೆಯದು, ಪ್ಯಾರಾಪೆಟ್ಟೇ ಸುತ್ತಲಿನ ದೀಪಗಳಿಗೆ ಗೋಡೆಯಾಗುತ್ತದೆ. ಸೊಳ್ಳೆಗೆ ಓಡೊಮಾಸ್ ಹಚ್ಚಿದರೆ ಕೈ ಒರೆಸಿಕೊಂಡೇ ಬೈನಾಕ್ಯುಲರ್ ಮುಟ್ಟಿ. ಗಾಜಿಗೆ ತಾಗಿದ ಜಿಡ್ಡು ಬಿಡಿಸುವುದು ತ್ರಾಸು.

ಫೋನಿನ ಬಿಳಿ ಪರದೆ ಹತ್ತು ಸೆಕೆಂಡಿನಲ್ಲಿ ಈ ಎಲ್ಲ ಶ್ರಮವನ್ನೂ ಹಾಳುಮಾಡುತ್ತದೆ. ಆಪ್‌ನ ಕೆಂಪು ಮೋಡ್ ಒಂದೇ ಸಾಲದು, ಯಾಕೆಂದರೆ ಮೇಲಿಂದ ಬಂದಿಳಿಯುವ ವಾಟ್ಸಾಪ್ ಸಂದೇಶ ಬಿಳಿಯಾಗಿಯೇ ಬರುತ್ತದೆ. ಉಡುಗೊರೆಗೆ ಸುತ್ತುವ ಕೆಂಪು ಜಿಲೆಟಿನ್ ಕಾಗದವನ್ನು ಎರಡು ಮೂರು ಪದರ ಮಾಡಿ ಪರದೆಗೆ ಅಂಟಿಸಿ. ಆಪ್‌ಗಳಲ್ಲಿ ಸ್ಟೆಲೇರಿಯಂ ಸಾಕು. ಅದರ ಕಂಪ್ಯೂಟರ್ ಆವೃತ್ತಿ ಉಚಿತ, ಮತ್ತು ಅದರಲ್ಲಿ ಬೆಳಕಿನ ಮಾಲಿನ್ಯವನ್ನು ಬಾರ್ಟಲ್ ಅಳತೆಯಲ್ಲಿ 1ರಿಂದ 9ರವರೆಗೆ ಬದಲಿಸಬಹುದು. 8ಕ್ಕೆ ಇಟ್ಟರೆ ಪರದೆಯ ಆಕಾಶಕ್ಕೂ ತಲೆಯ ಮೇಲಿನ ಆಕಾಶಕ್ಕೂ ಹೋಲಿಕೆ ಬರುತ್ತದೆ. ಹಾಗೇ ಬಿಟ್ಟರೆ ಪರದೆಯಲ್ಲಿ ಸಾವಿರ ನಕ್ಷತ್ರ, ಮೇಲೆ ಹತ್ತು.

ಇನ್ನೊಂದು ಲೆಕ್ಕ: ನಕ್ಷತ್ರಗಳು ದಿನಕ್ಕೆ 4 ನಿಮಿಷ ಮೊದಲು ಹುಟ್ಟುತ್ತವೆ, ಅಂದರೆ ತಿಂಗಳಿಗೆ 2 ಗಂಟೆ. ಮೇ ಮಧ್ಯದಲ್ಲಿ ರಾತ್ರಿ 9.15ಕ್ಕೆ ಕಂಡದ್ದೇ ಏಪ್ರಿಲ್ ಮಧ್ಯದಲ್ಲಿ 11.15ಕ್ಕೆ ಅದೇ ಜಾಗದಲ್ಲಿರುತ್ತದೆ. ಕೆಳಗೆ ಹೇಳುವ ಹೊತ್ತುಗಳನ್ನೆಲ್ಲ ಹೀಗೆ ಹಿಂದೆ ಮುಂದೆ ಸರಿಸಿಕೊಳ್ಳಬಹುದು.

ಜನವರಿಯಿಂದ ಮಾರ್ಚ್: ವರ್ಷದ ಫಸಲು

ಜನವರಿ ಮಧ್ಯ, ರಾತ್ರಿ 8.30. ದಕ್ಷಿಣಕ್ಕೆ ಮುಖ ಮಾಡಿದರೆ ಎಡಗಡೆ ಅಗಸ್ತ್ಯ, ಬಲಗಡೆ ಅಕರ್ನಾರ್, ಎರಡೂ ಹತ್ತಿರ ಹತ್ತಿರ ಒಂದೂವರೆ ಮುಷ್ಟಿ ಎತ್ತರದಲ್ಲಿ. ಅಗಸ್ತ್ಯ ಏರುತ್ತಿರುತ್ತದೆ, ಅಕರ್ನಾರ್ ಇಳಿಯುತ್ತಿರುತ್ತದೆ. ಅಕರ್ನಾರ್ ನೋಡದೆ ಉಳಿದಿದ್ದರೆ ಈ ತಿಂಗಳು ಬಿಡಬೇಡಿ.

ಮಹಾವ್ಯಾಧ ಪೂರ್ವದಲ್ಲಿ ಹುಟ್ಟುವಾಗ ನಮಗೆ ಪಕ್ಕಕ್ಕೆ ಮಲಗಿರುತ್ತಾನೆ. ನಡುಪಟ್ಟಿಯ ಮೂರು ನಕ್ಷತ್ರಗಳು ಒಂದರ ಮೇಲೊಂದು ಏಣಿಯಂತೆ ನಿಲ್ಲುತ್ತವೆ. ಎಡಕ್ಕೆ ಕೆಂಪು ಆರ್ದ್ರಾ, ಬಲಕ್ಕೆ ನೀಲಿ ಬಿಳುಪಿನ ರೈಜೆಲ್. ಪುಸ್ತಕದ ಚಿತ್ರದಲ್ಲಿ ನಿಂತಿರುವ ಬೇಟೆಗಾರನನ್ನು ಹುಡುಕುವವರು ಇಲ್ಲಿ ಎಡವುತ್ತಾರೆ. ಫೆಬ್ರವರಿ ಮಧ್ಯದ ಹೊತ್ತಿಗೆ 8.30ಕ್ಕೇ ಅವನು ನೆತ್ತಿಯ ಹತ್ತಿರ ಬಂದಿರುತ್ತಾನೆ. ಪಟ್ಟಿಯ ಗೆರೆಯನ್ನು ಆಗ್ನೇಯಕ್ಕೆ ಎಳೆದರೆ ಲುಬ್ಧಕ, ವಾಯವ್ಯಕ್ಕೆ ಎಳೆದರೆ ರೋಹಿಣಿ, ಅದರಾಚೆ ಕೃತ್ತಿಕೆಯ ಗೊಂಚಲು. ಉತ್ತರದಲ್ಲಿ ಹಳದಿ ಛಾಯೆಯ ಬ್ರಹ್ಮಹೃದಯ. ಪೂರ್ವದ ಕಡೆ ಪ್ರೋಸಿಯಾನ್, ಪುನರ್ವಸುವಿನ ಜೋಡಿ. ಜೋಡಿಯಲ್ಲಿ ಪ್ರಥಮ ದರ್ಜೆಯದು ಪೋಲಕ್ಸ್ ಮಾತ್ರ, ಕ್ಯಾಸ್ಟರ್ ಕೂದಲೆಳೆಯಲ್ಲಿ ತಪ್ಪಿಸಿಕೊಂಡಿದೆ. ಪೂರ್ವದ ತಗ್ಗಿನಲ್ಲಿ ಮಘಾ ಏರುತ್ತಿರುತ್ತದೆ. 9 ಗಂಟೆ ದಾಟುತ್ತಿದ್ದಂತೆ ಅಗಸ್ತ್ಯ ನೇರ ದಕ್ಷಿಣಕ್ಕೆ ಬರುತ್ತದೆ. ಒಂದೇ ಸಂಜೆಗೆ ಇಪ್ಪತ್ತೊಂದರಲ್ಲಿ ಒಂಬತ್ತು.

ನಿಮ್ಮ ಟೆರೇಸಿನ ಕತ್ತಲೆ ಎಷ್ಟು ಎಂದು ಅಳೆಯಲು ಮಹಾವ್ಯಾಧನೇ ಮಾಪಕ. ನಾಲ್ಕು ಮೂಲೆ, ಪಟ್ಟಿಯ ಮೂರು, ಈ ಏಳು ಎಂಥ ನಗರದಲ್ಲೂ ಕಾಣಬೇಕು. ಅವನ ಎರಡು ಹೆಗಲುಗಳಾದ ಆರ್ದ್ರಾ ಮತ್ತು ಬೆಲಾಟ್ರಿಕ್ಸ್‌ಗಳ ನಡುವೆ, ತುಸು ಉತ್ತರಕ್ಕೆ, ಅವನ ತಲೆಯ ಜಾಗದಲ್ಲಿ ಒಂದು ಮಂದ ಚುಕ್ಕಿಯಿದೆ. ಅದೇ ಮೃಗಶಿರಾ, ಕಾಂತಿಮಾನ 3.4. ಅದು ಬರಿಗಣ್ಣಿಗೆ ಕಂಡರೆ ನಿಮ್ಮ ಜಾಗ ನಗರದ ಮಟ್ಟಿಗೆ ಚೆನ್ನಾಗಿದೆ. ನೇರ ನೋಡಿದರೆ ಮಾಯವಾಗಿ, ಸ್ವಲ್ಪ ಪಕ್ಕಕ್ಕೆ ದಿಟ್ಟಿಸಿದಾಗ ಮಿನುಗಿದರೆ ಹೆದರಬೇಡಿ. ಮಂದ ಬೆಳಕನ್ನು ಗ್ರಹಿಸುವ ಕೋಶಗಳು ಅಕ್ಷಿಪಟದ ನಡುವಿನಲ್ಲಿಲ್ಲ, ಸುತ್ತಲೂ ಇವೆ. ಓರೆನೋಟ ಅಭ್ಯಾಸ ಮಾಡಿಕೊಂಡವರಿಗೆ ನಗರದಲ್ಲೂ ಒಂದಿಷ್ಟು ಹೆಚ್ಚು ಸಿಗುತ್ತದೆ.

ಆರ್ದ್ರಾವನ್ನು ಪ್ರತಿ ವರ್ಷ ರೋಹಿಣಿಯ ಜೊತೆ ಹೋಲಿಸಿ ಬರೆದಿಡಿ. ಸಾಮಾನ್ಯವಾಗಿ ಅದು ರೋಹಿಣಿಗಿಂತ ಪ್ರಕಾಶ. 2019ರ ಕೊನೆಯಿಂದ ಕುಗ್ಗುತ್ತಾ ಹೋಗಿ 2020ರ ಫೆಬ್ರವರಿಯಲ್ಲಿ ಬೆಲಾಟ್ರಿಕ್ಸ್‌ನ ಮಟ್ಟಕ್ಕೆ ಇಳಿದುಬಿಟ್ಟಿತ್ತು. ಅದು ಉಗುಳಿದ ಧೂಳೇ ಅದಕ್ಕೆ ಮರೆಯಾದದ್ದು ಎಂದು ಆಮೇಲೆ ತಿಳಿಯಿತು. ಅಂಥದ್ದನ್ನು ಪತ್ತೆಹಚ್ಚಲು ದೂರದರ್ಶಕವೂ ಬೇಡ, ಕಾಡೂ ಬೇಡ.

ಇನ್ನು ಶಿವರಾತ್ರಿ. ಮಾಘ ಬಹುಳ ಚತುರ್ದಶಿ, ಚಂದ್ರ ಬೆಳಗಿನ ಜಾವದವರೆಗೆ ಬರುವುದಿಲ್ಲ, ಮಳೆಗಾಲ ದೂರ, ಮೇಲಾಗಿ ಜಾಗರಣೆ. ಆಕಾಶ ನೋಡುವವರಿಗೆ ಇದಕ್ಕಿಂತ ಒಳ್ಳೆಯ ರಾತ್ರಿ ಪಂಚಾಂಗದಲ್ಲಿಲ್ಲ. ಹಬ್ಬ ಫೆಬ್ರವರಿ ಮಧ್ಯಕ್ಕೆ ಬಿದ್ದರೆ ಸಂಜೆ 7.15ಕ್ಕೆ ಅಕರ್ನಾರ್‌ನಿಂದ ಶುರುಮಾಡಿ. ಅದು ಒಂದು ಮುಷ್ಟಿ ಎತ್ತರದಲ್ಲಿ ನೈಋತ್ಯದ ಕಡೆ ಮುಳುಗುವ ತಯಾರಿಯಲ್ಲಿರುತ್ತದೆ. ಆಮೇಲೆ ಮಹಾವ್ಯಾಧನ ಬಳಗ, ಅಗಸ್ತ್ಯ, ಮಘಾ. ಮಧ್ಯರಾತ್ರಿಯ ಮೇಲೆ ಸ್ವಾತಿ, ಚಿತ್ತಾ. ಎರಡು ಮೂರು ಗಂಟೆಯ ಹೊತ್ತಿಗೆ ತ್ರಿಶಂಕು ನೆಟ್ಟಗೆ, ಅದರ ಎಡಕ್ಕೆ ಸೆಂಟಾರಿ ಜೋಡಿ. ನಾಲ್ಕಕ್ಕೆ ಜ್ಯೇಷ್ಠಾ ಚೆನ್ನಾಗಿ ಮೇಲೆ ಬಂದಿರುತ್ತದೆ. ಐದೂವರೆಗೆ ಈಶಾನ್ಯದಲ್ಲಿ ಅಭಿಜಿತ್ ಎತ್ತರದಲ್ಲಿ, ಅದರ ಕೆಳಗೆ ಡೆನೆಬ್, ಪೂರ್ವದಲ್ಲಿ ಶ್ರವಣ. ಒಂದೇ ರಾತ್ರಿಗೆ 20. ಸಿಗದೇ ಉಳಿಯುವುದು ಫೋಮಲ್‌ಹಾಟ್ ಒಂದೇ, ಆಗ ಅದು ಸೂರ್ಯನ ಬೆಳಕಿನಲ್ಲಿ ಅಡಗಿರುತ್ತದೆ. 2026ರಲ್ಲಿ ಶಿವರಾತ್ರಿ ಫೆಬ್ರವರಿ 15ಕ್ಕೆ ಬಿದ್ದಿತ್ತು, 2027ರದ್ದು ಮಾರ್ಚ್ 6ಕ್ಕೆ. ಮಾರ್ಚಿಗೆ ಹೋದಾಗ ಅಕರ್ನಾರ್ ಮುಸ್ಸಂಜೆಯಲ್ಲೇ ಕಟ್ಟಡಗಳ ಹಿಂದೆ ಇಳಿದಿರುತ್ತದೆ, ಲೆಕ್ಕ 19ಕ್ಕೆ ನಿಲ್ಲುತ್ತದೆ.

ಏಪ್ರಿಲ್, ಮೇ: ಮಳೆ ಬಿದ್ದ ಮರುಗಳಿಗೆ

ಮಾರ್ಚ್, ಏಪ್ರಿಲ್‌ನ ಸಂಜೆಗಳಲ್ಲಿ ದಕ್ಷಿಣದಲ್ಲಿ ಶಿಲುಬೆಯಾಕಾರ ಕಂಡು ತ್ರಿಶಂಕು ಸಿಕ್ಕಿತೆಂದು ಫೋಟೊ ಹಾಕುವವರು ಬಹಳ. ಹೆಚ್ಚಿನ ಸಲ ಅದು ಹುಸಿ ಶಿಲುಬೆ. ಗಾತ್ರದಲ್ಲಿ ದೊಡ್ಡದು, ಹೊಳಪಿನಲ್ಲಿ ಕಡಿಮೆ. ನಿಜವಾದ ತ್ರಿಶಂಕು ಚಿಕ್ಕದು, ತಲೆಯಿಂದ ಬುಡಕ್ಕೆ ಜೋಡಿಸಿದ ನಡುವಿನ ಮೂರು ಬೆರಳಿನ ಅಗಲಕ್ಕಿಂತ ತುಸು ಹೆಚ್ಚು, ಸುಮಾರು 6 ಡಿಗ್ರಿ, ಅಷ್ಟೇ. ಅದರ ಎಡಗಡೆ ಆಲ್ಫಾ ಮತ್ತು ಬೀಟಾ ಸೆಂಟಾರಿ ಎರಡು ದೀಪಗಳಂತೆ ಉರಿಯುತ್ತವೆ. ಆ ಜೋಡಿಯಿಲ್ಲದಿದ್ದರೆ ಅದು ತ್ರಿಶಂಕುವಲ್ಲ, ಅಥವಾ ಜೋಡಿ ಇನ್ನೂ ಹುಟ್ಟಿಲ್ಲ.

ಮೇ ಮಧ್ಯದಲ್ಲಿ ರಾತ್ರಿ 9.15ಕ್ಕೆ ತ್ರಿಶಂಕು ನೇರ ದಕ್ಷಿಣದಲ್ಲಿ ನೆಟ್ಟಗೆ ನಿಲ್ಲುತ್ತದೆ. ಇಷ್ಟು ತಗ್ಗಿನಲ್ಲಿ ಬೆಳಕು ನೆತ್ತಿಯ ಮೇಲಿಗಿಂತ ನಾಲ್ಕು ಪಟ್ಟು ಗಾಳಿಯನ್ನು ದಾಟಿ ಬರಬೇಕು, ಧೂಳಿದ್ದರೆ ಹೊಳಪು ಒಂದು ಕಾಂತಿಮಾನಕ್ಕೂ ಹೆಚ್ಚು ಇಳಿಯುತ್ತದೆ. ಹಾಗಾಗಿ ದಿನವನ್ನು ಆರಿಸಿಕೊಳ್ಳಬೇಕು. ಸಂಜೆ ನಾಲ್ಕೈದಕ್ಕೆ ಗುಡುಗು ಮಳೆ ಬಿದ್ದು ಎಂಟಕ್ಕೆ ಹೊಳವಾದರೆ ಬೇರೆ ಕೆಲಸ ಬಿಟ್ಟು ಮೇಲೆ ಹತ್ತಿ. ಮಳೆ ಧೂಳನ್ನೆಲ್ಲ ತೊಳೆದಿರುತ್ತದೆ. ಅಂಥ ರಾತ್ರಿ ಕರೆಂಟೂ ಹೋಗಿದ್ದರಂತೂ ಬಂಪರ್, ಬರುವ ಮುಂಚೆ ನೋಡಿ ಮುಗಿಸಿ. ಹುಬ್ಬಳ್ಳಿಯಲ್ಲಿ ತ್ರಿಶಂಕುವಿನ ಬುಡ ಹನ್ನೊಂದೂವರೆ ಡಿಗ್ರಿ ಏರುತ್ತದೆ, ಬೀದರಿನಲ್ಲಿ 9; ಅಲ್ಲಿನವರಿಗೆ ದಕ್ಷಿಣಕ್ಕೆ ಕೆರೆಯೋ ಬಯಲೋ ಇದ್ದರೆ ಮಾತ್ರ.

ಅದೇ ಹೊತ್ತಿಗೆ ಉತ್ತರದಲ್ಲಿ ಸಪ್ತರ್ಷಿ ಮಂಡಲ ನಾಲ್ಕರಿಂದ ಐದು ಮುಷ್ಟಿ ಎತ್ತರದಲ್ಲಿ, ಸೌಟು ಬೋರಲು ಹಾಕಿದ ಹಾಗೆ. ಏಳರಲ್ಲಿ ಅತ್ರಿ, ಅಂದರೆ ಹಿಡಿಕೆ ಸೇರುವ ಜಾಗದ್ದು, ಉಳಿದ ಆರಕ್ಕಿಂತ ಮಂದ: 3.3. ಅತ್ರಿ ಕಂಡರೆ ಏಳೂ ಕಂಡವು. ಹಿಡಿಕೆಯ ನಡುವಿನ ನಕ್ಷತ್ರ ವಸಿಷ್ಠ, ಅದರ ಪಕ್ಕದ ಅರುಂಧತಿ 4ನೇ ಕಾಂತಿಮಾನದ್ದು, ನಗರದಲ್ಲಿ ಬರಿಗಣ್ಣಿಗೆ ಸಾಮಾನ್ಯವಾಗಿ ಕಾಣದು. ಬೈನಾಕ್ಯುಲರ್ ಹಿಡಿದರೆ ತಟ್ಟನೆ ಪ್ರತ್ಯಕ್ಷ. ಮದುವೆ ಛತ್ರದ ಹೊರಗೆ ಹಗಲು ಹನ್ನೊಂದಕ್ಕೆ ಪುರೋಹಿತರು ತೋರಿಸಿ, ಕಂಡಿತು ಎಂದು ತಲೆಯಾಡಿಸಿದ ದಂಪತಿಗಳೆಲ್ಲ ಒಮ್ಮೆ ಮೇ ತಿಂಗಳ ರಾತ್ರಿ ನೋಡಿಕೊಳ್ಳಬಹುದು. ಹಿಡಿಕೆಯ ಬಾಗನ್ನೇ ಮುಂದುವರಿಸಿಕೊಂಡು ನೆತ್ತಿಯ ಕಡೆ ಹೋದರೆ ಕಿತ್ತಳೆ ಬಣ್ಣದ ಸ್ವಾತಿ, ಇನ್ನೂ ಮುಂದೆ ದಕ್ಷಿಣಕ್ಕೆ ಇಳಿದರೆ ಚಿತ್ತಾ. ಧ್ರುವ ಬೇಕಾದರೆ ಸೌಟಿನ ಹೊರ ಅಂಚಿನ ಎರಡು ನಕ್ಷತ್ರಗಳಾದ ಕ್ರತು ಪುಲಹರ ಗೆರೆಯನ್ನು ಕೆಳಕ್ಕೆ ಎಳೆಯಬೇಕು, ಕಟ್ಟಡ ಬಿಟ್ಟರೆ.

ಮಳೆ ನಕ್ಷತ್ರದ ಕಾಲದಲ್ಲಿ ನಕ್ಷತ್ರ

"ಆದರೆ ಆರಿದ್ರಾ, ಇಲ್ಲದಿದ್ದರೆ ದರಿದ್ರ" ಎನ್ನುವ ಜೂನ್ ಕೊನೆಯ ಮಳೆಯಲ್ಲಿ ಆರ್ದ್ರಾ ನಕ್ಷತ್ರ ಹುಡುಕಿದರೆ ಮೋಡವಿಲ್ಲದಿದ್ದರೂ ಸಿಗುವುದಿಲ್ಲ. ಮಳೆ ನಕ್ಷತ್ರವೆಂದರೆ ಆ ಹದಿಮೂರು ಹದಿನಾಲ್ಕು ದಿನ ಸೂರ್ಯ ಯಾವ ನಕ್ಷತ್ರದಲ್ಲಿದ್ದಾನೋ ಅದು. ಸೂರ್ಯನ ಜೊತೆಗೇ ಹುಟ್ಟಿ, ಜೊತೆಗೇ ಮುಳುಗುತ್ತದೆ. ರೈತರ ಮಳೆ ಪಟ್ಟಿಯನ್ನು ಆರು ತಿಂಗಳು ಮುಂದೆ ಸರಿಸಿ, ಅದು ಆಕಾಶ ನೋಡುವವರ ಪಟ್ಟಿಯಾಗುತ್ತದೆ: ಜೂನ್ 22ರ ಸುಮಾರಿಗೆ ಶುರುವಾಗುವ ಆರಿದ್ರಾ ಮಳೆಯ ನಕ್ಷತ್ರ ಡಿಸೆಂಬರ್ ಕೊನೆಯಲ್ಲಿ ಸಂಜೆಯಿಂದ ಬೆಳಗಿನವರೆಗೆ ಕಾಣುತ್ತದೆ. ಆಗಸ್ಟ್ 17ರ ಸುಮಾರಿನ ಮಘೆ ಮಳೆಯದು ಫೆಬ್ರವರಿ ಮಧ್ಯದಲ್ಲಿ ರಾತ್ರಿಯಿಡೀ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಂಗಳೂರು, ಉಡುಪಿಯವರು ಬೈನಾಕ್ಯುಲರನ್ನು ಸಿಲಿಕಾ ಜೆಲ್ ಚೀಲದ ಜೊತೆ ಡಬ್ಬಿಯಲ್ಲಿ ಮುಚ್ಚಿಡುವುದೇ ಮೇಲು, ಇಲ್ಲದಿದ್ದರೆ ಗಾಜಿಗೆ ಬೂಷ್ಟು ಹಿಡಿಯುತ್ತದೆ. ಬೆಂಗಳೂರು, ಮೈಸೂರಿನಲ್ಲಿ ಹೊಳವಿಗೆ ಕಾಯಬಹುದು. ಹವಾಮಾನ ಇಲಾಖೆಯ ಇನ್ಸಾಟ್ ಉಪಗ್ರಹ ಚಿತ್ರಗಳಲ್ಲಿ ಅವಗೆಂಪು ಚಿತ್ರ ರಾತ್ರಿಯಲ್ಲೂ ಕೆಲಸಕ್ಕೆ ಬರುತ್ತದೆ. ಸಾಲಾಗಿ ಎರಡು ಮೂರು ಚಿತ್ರ ನೋಡಿದರೆ ಮೋಡದ ಕಿಂಡಿ ನಿಮ್ಮ ಕಡೆ ಬರುತ್ತಿದೆಯೋ ಇಲ್ಲವೋ ತಿಳಿಯುತ್ತದೆ. ಕಿಂಡಿ ಸಿಕ್ಕಾಗ ಏನು ನೋಡಬೇಕೆಂದು ಮೊದಲೇ ತೀರ್ಮಾನಿಸಿರಿ, ಅದು ಹತ್ತು ನಿಮಿಷ ತೆರೆದಿದ್ದರೆ ಹೆಚ್ಚು. ಜುಲೈ ಮಧ್ಯದಲ್ಲಿ 9.15ಕ್ಕೆ ಜ್ಯೇಷ್ಠಾ ದಕ್ಷಿಣದಲ್ಲಿ ಐದು ಮುಷ್ಟಿ ಎತ್ತರ. ಯುರೋಪಿನವರಿಗೆ ದಿಗಂತಕ್ಕೆ ತಾಗಿಕೊಂಡಿರುವ ಚೇಳು ನಮಗೆ ಕೊಂಡಿಯ ಸಮೇತ ಪೂರ್ತಿ ಮೇಲಿರುತ್ತದೆ. ಆಗಸ್ಟ್‌ನಲ್ಲಿ ಅಭಿಜಿತ್ ಉತ್ತರದಲ್ಲಿ, ಸೆಪ್ಟೆಂಬರ್ ಮಧ್ಯದಲ್ಲಿ 8.35ಕ್ಕೆ ಶ್ರವಣ ಸರಿಸುಮಾರು ನೆತ್ತಿಯಲ್ಲೇ.

ಆಗಸ್ಟ್ 12, 13ರ ಪರ್ಸೀಡ್ ಉಲ್ಕಾವೃಷ್ಟಿಗೆ ಪ್ರತಿ ವರ್ಷ ಪತ್ರಿಕೆಗಳು ಎಬ್ಬಿಸುವ ಸದ್ದನ್ನು ಕಿವಿಗೆ ಹಾಕಿಕೊಳ್ಳಬೇಡಿ. ಮೋಡದ ಕಾಲ, ಸಾಲದ್ದಕ್ಕೆ ಉಲ್ಕೆಗಳು ಚಿಮ್ಮುವ ಬಿಂದು ನಮಗೆ ತಗ್ಗಿನಲ್ಲಿದೆ. ನಮ್ಮದು ಡಿಸೆಂಬರ್ 13, 14ರ ಜೆಮಿನಿಡ್. ಪುನರ್ವಸುವಿನ ಹತ್ತಿರದ ಬಿಂದು ರಾತ್ರಿ ಎರಡರ ಸುಮಾರಿಗೆ ನೆತ್ತಿಯ ಸಮೀಪಕ್ಕೆ ಬರುತ್ತದೆ. ಗಂಟೆಗೆ ನೂರು ಎಂದು ಬರೆಯುವುದು ಕಾಡಿನ ಕತ್ತಲಿಗೆ, ಚಂದ್ರನಿಲ್ಲದಾಗ. ಟೆರೇಸಿನಿಂದ ಗಂಟೆಗೆ ಎಂಟೋ ಹತ್ತೋ ಕಂಡರೆ ನ್ಯಾಯ ಸಿಕ್ಕಿತೆಂದೇ ತಿಳಿಯಿರಿ.

ಅಕ್ಟೋಬರ್, ನವೆಂಬರ್

ಹಿಂಗಾರಿನ ಮೋಡದ ನಡುವೆ ಫೋಮಲ್‌ಹಾಟ್ ಹಿಡಿಯುವ ಕಾಲ. ಅಕ್ಟೋಬರ್ ಮಧ್ಯದಲ್ಲಿ 9.45ಕ್ಕೆ, ನವೆಂಬರ್ ಮಧ್ಯದಲ್ಲಿ 7.45ಕ್ಕೆ ನೇರ ದಕ್ಷಿಣ, ನಾಲ್ಕು ಮುಕ್ಕಾಲು ಮುಷ್ಟಿ ಎತ್ತರ. ಸುತ್ತ ಬೇರೆ ಪ್ರಕಾಶಮಾನ ನಕ್ಷತ್ರವೇ ಇಲ್ಲದ್ದರಿಂದ ಗುರುತು ತಪ್ಪುವುದಿಲ್ಲ. ತಪ್ಪಿದರೆ ಶನಿಯಿಂದ ತಪ್ಪಬಹುದು: ಈ ಕೆಲವು ವರ್ಷ ಅದೂ ಆ ಕಡೆಯ ಮೀನ ರಾಶಿಯ ಸುತ್ತಮುತ್ತ ಇದೆ. ಶನಿ ಹಳದಿ, ಮಿನುಗುವುದಿಲ್ಲ, ಇನ್ನೂ ಮೇಲೆ.

ದೀಪಾವಳಿ ಬೀಳುವುದು ಅಮಾವಾಸ್ಯೆಗೆ, ಕಾಗದದ ಮೇಲೆ ಒಳ್ಳೆಯ ರಾತ್ರಿ. ಆದರೆ ಪಟಾಕಿಯ ಹೊಗೆ ತಗ್ಗಿನ ಆಕಾಶವನ್ನು ಪೂರ್ತಿ ಮುಚ್ಚುತ್ತದೆ. ಬಲಿಪಾಡ್ಯಮಿ ಕಳೆದ ಮೇಲೆ ಒಂದು ಮಳೆ ಬೀಳುವವರೆಗೆ ದಕ್ಷಿಣದ ಆಸೆ ಬಿಡಿ. ಪಶ್ಚಿಮದಲ್ಲಿ ಇಳಿಯುತ್ತಿರುವ ಅಭಿಜಿತ್, ಡೆನೆಬ್, ಶ್ರವಣಗಳ ತ್ರಿಕೋನ ನೋಡಿಕೊಳ್ಳಿ.

ಬೈನಾಕ್ಯುಲರ್

ಮೊದಲ ದುಡ್ಡನ್ನು ದೂರದರ್ಶಕಕ್ಕೆ ಹಾಕಬೇಡಿ. 10×50 ಬೈನಾಕ್ಯುಲರ್ ತೆಗೆದುಕೊಳ್ಳಿ, ಅಂದರೆ 10 ಪಟ್ಟು ದೊಡ್ಡದಾಗಿ ತೋರಿಸುವ, ಮುಂದಿನ ಗಾಜು 50 ಮಿಲಿಮೀಟರ್ ಅಗಲದ್ದು. 50ನ್ನು 10ರಿಂದ ಭಾಗಿಸಿದರೆ 5 ಮಿಲಿಮೀಟರ್, ಅದು ಕಣ್ಣಿಗೆ ಬರುವ ಬೆಳಕಿನ ಕಂಬದ ಅಗಲ. 7×50ರಲ್ಲಿ ಅದು 7 ಮಿಲಿಮೀಟರ್. ನಗರದಲ್ಲಿ ನಮ್ಮ ಪಾಪೆ ಅಷ್ಟು ಅರಳುವುದೇ ಇಲ್ಲ, ಆಕಾಶದ ಬೂದುಬಣ್ಣವೂ ಜಾಸ್ತಿ ಕಾಣುತ್ತದೆ. 20×50, ಜೂಮ್ ಇರುವವು, ಕೆಂಪು ಲೇಪದ ಗಾಜಿನವು ಮೂರೂ ಬೇಡ. ಇಪ್ಪತ್ತು ಪಟ್ಟು ದೊಡ್ಡದಾಗುವುದು ಚಂದ್ರನಷ್ಟೇ ಅಲ್ಲ, ಕೈಯ ನಡುಕವೂ.

ಹೊಂದಿಸುವ ಕ್ರಮವನ್ನು ಬಹಳ ಜನ ಮಾಡುವುದೇ ಇಲ್ಲ. ಬಲಗಣ್ಣು ಮುಚ್ಚಿ, ನಡುವಿನ ಚಕ್ರದಿಂದ ಎಡಗಣ್ಣಿಗೆ ಒಂದು ನಕ್ಷತ್ರವನ್ನು ಚೂಪು ಚುಕ್ಕಿ ಮಾಡಿ. ಆಮೇಲೆ ಎಡಗಣ್ಣು ಮುಚ್ಚಿ, ಚಕ್ರ ಮುಟ್ಟದೆ, ಬಲಗಡೆಯ ಕಣ್ಣಿನ ತುದಿಯಲ್ಲಿರುವ ಉಂಗುರ ಮಾತ್ರ ತಿರುಗಿಸಿ ಅದೇ ನಕ್ಷತ್ರವನ್ನು ಚೂಪು ಮಾಡಿ. ಉಂಗುರದ ಗುರುತು ನೆನಪಿಟ್ಟುಕೊಂಡರೆ ಮುಂದೆ ಚಕ್ರವೊಂದೇ ಸಾಕು. ಎರಡೂ ಕಣ್ಣು ತೆರೆದಾಗ ನಕ್ಷತ್ರ ಎರಡಾಗಿ ಕಂಡರೆ ಒಳಗಿನ ಅಶ್ರಗಗಳು (ಪ್ರಿಸಂ) ಸರಿದಿವೆ. ಅಂಗಡಿಯಲ್ಲೇ ದೂರದ ದೀಪ ನೋಡಿ ಪರೀಕ್ಷಿಸಿ, ಮನೆಗೆ ತಂದ ಮೇಲೆ ಸರಿಮಾಡುವುದು ಸುಲಭವಲ್ಲ. ಕೈ ನಡುಗಿದರೆ ಕಸಬರಿಗೆಯ ಉದ್ದ ಕೋಲನ್ನು ನಿಲ್ಲಿಸಿ, ಅದರ ತುದಿಯ ಜೊತೆ ಸೇರಿಸಿ ಹಿಡಿಯಿರಿ.

ನಗರದಲ್ಲಿ ಇದರಿಂದ ಸಿಗುವುದು: ಕೃತ್ತಿಕೆ ಬರಿಗಣ್ಣಿಗೆ ನಾಲ್ಕೈದು, ಇದರಲ್ಲಿ ಹಲವು ಹತ್ತು. ಗುರುವಿನ ನಾಲ್ಕು ಚಂದ್ರರು, ಕೋಲು ಗಟ್ಟಿಯಾಗಿ ಹಿಡಿದರೆ. ಮಹಾವ್ಯಾಧನ ಕತ್ತಿಯಲ್ಲಿ ಮಸುಕಾದ ನೀಹಾರಿಕೆ. ಮೇ ಮಧ್ಯದಲ್ಲಿ 10.15ಕ್ಕೆ ದಕ್ಷಿಣದಲ್ಲಿ ಮೂರು ಮುಷ್ಟಿ ಎತ್ತರದಲ್ಲಿ ಒಮೇಗಾ ಸೆಂಟಾರಿ ಎಂಬ ನಕ್ಷತ್ರಗಳ ಗೋಳಗುಚ್ಛ, ಹತ್ತಿಯುಂಡೆಯ ಹಾಗೆ. ಉತ್ತರದ ದೇಶಗಳವರು ಇದಕ್ಕಾಗಿ ವಿಮಾನ ಹತ್ತುತ್ತಾರೆ. ಆಂಡ್ರೊಮೀಡ ಗೆಲಾಕ್ಸಿ ನವೆಂಬರಿನಲ್ಲಿ ಬರೀ ಒಂದು ಉಜ್ಜಿದ ಗುರುತು, ನಿರಾಸೆಗೆ ಸಿದ್ಧರಾಗಿ. ಚಂದ್ರನನ್ನು ಹುಣ್ಣಿಮೆಗೆ ನೋಡಬೇಡಿ. ಶುಕ್ಲ ಪಂಚಮಿಯಿಂದ ಅಷ್ಟಮಿಯವರೆಗೆ, ಬೆಳಕು ಕತ್ತಲಿನ ಗಡಿಯಲ್ಲಿ ಕುಳಿಗಳ ನೆರಳು ಉದ್ದವಾಗಿರುತ್ತದೆ. ಬಣ್ಣ ನೋಡಬೇಕಾದರೆ ಫೋಕಸ್ ತುಸು ಕೆಡಿಸಿ, ಚುಕ್ಕಿ ಬಿಲ್ಲೆಯಾದಾಗ ಆರ್ದ್ರಾದ ಕಿತ್ತಳೆ, ರೈಜೆಲ್‌ನ ನೀಲಿ ಎದ್ದು ಕಾಣುತ್ತವೆ.

ಬೇಸಿಗೆಯಲ್ಲಿ ಕಾದ ಟೆರೇಸು ರಾತ್ರಿ ಹತ್ತರವರೆಗೂ ಬಿಸಿ ಉಗುಳುತ್ತಿರುತ್ತದೆ, ಗ್ರಹದ ಬಿಂಬ ಕುದಿಯುವ ನೀರಿನಲ್ಲಿಟ್ಟಂತೆ ಅಲ್ಲಾಡುತ್ತದೆ. ಪಕ್ಕದ ಮನೆಯ ಎಸಿ ಯಂತ್ರದ ಮೇಲಿಂದ ನೋಡಿದರೂ ಹಾಗೇ. ಸಂಜೆಯೇ ನೆಲಕ್ಕೆ ನೀರು ಚಿಮುಕಿಸಿದರೆ ಒಂದಿಷ್ಟು ತಗ್ಗುತ್ತದೆ, ಹನ್ನೊಂದರ ಮೇಲೆ ನೋಡಿದರೆ ಇನ್ನೂ ಉತ್ತಮ. ಅಷ್ಟರಲ್ಲಿ ಅಂಗಡಿ ಫಲಕಗಳ ಬೆಳಕೂ ಆರಿರುತ್ತದೆ.

ಅಪಾರ್ಟ್‌ಮೆಂಟಿನವರು ಟೆರೇಸಿನ ಬೀಗದ ಕೈಗೆ ಅಸೋಸಿಯೇಷನ್ನಿಗೆ ಮೊದಲೇ ಹೇಳಿಡಿ, ಸೆಕ್ಯುರಿಟಿಯವರಿಗೂ. ಬೈನಾಕ್ಯುಲರನ್ನು ಕಣ್ಣಿಗೆ ಹಿಡಿಯುವ ಮುಂಚೆಯೇ ಮುಖ ಮೇಲಕ್ಕೆತ್ತಿರಿ, ಎದುರಿನ ಕಟ್ಟಡದ ಕಿಟಕಿಗಳ ಮಟ್ಟದಲ್ಲಿ ಅದನ್ನು ಎಂದಿಗೂ ಆಡಿಸಬೇಡಿ. ಎದುರುಮನೆಯವರು ಏನೆಂದು ಕೇಳಲು ಬಂದರೆ ಮಾತಿಗಿಂತ ಮೊದಲು ಬೈನಾಕ್ಯುಲರನ್ನೇ ಅವರ ಕೈಗೆ ಕೊಟ್ಟು ಚಂದ್ರನ ಕಡೆ ತಿರುಗಿಸಿ. ಚಂದ್ರನಿಲ್ಲದ ದಿನವಾದರೆ ಕೃತ್ತಿಕೆ.